ನಾಲ್ಕು ನಿಮಿಷ

ಕಲ್ಸಂಕದಲ್ಲಿ ಎಂಟೂ ನಲವತ್ತಕ್ಕೆ
ಬಸ್ಸು ನಿಂತದ್ದು ನಿಂತದ್ದೇ.
ಮುಂದೆ ನೋಣಯ್ಯನದು, ಬೆನ್ನಿಗಂಟಿ ನಮ್ಮದು.
ನಡುವೆ ಇರಬೇಕಾದ ನಾಲ್ಕು ನಿಮಿಷ
ಎಲ್ಲೋ ಸ್ಕೂಟಿಗಳಡಿ ಸಿಕ್ಕಿ ಅಪ್ಪಚ್ಚಿ.

ಆ ನಾಲ್ಕು ನಿಮಿಷಕ್ಕೆ ಆರು ವರ್ಷದ ಜಗಳ.
ಟೈಮ್ ಕೀಪರ್ ಫೆಲಿಕ್ಸರ ಪುಸ್ತಕದಲ್ಲಿ
ನನ್ನ ಸಹಿ, ಅವನ ಸಹಿ,
ಒಮ್ಮೆ ನನ್ನ ಅಂಗಿಯ ಗುಂಡಿ.

“ಮಣಿಪಾಲಕ್ಕೆ ನಡೆದೇ ಹೋದರೆ?”
ಬಾಗಿಲಲ್ಲಿ ನೇತಾಡುವ ಹುಡುಗ.
ಹೋಗು ಮಾರಾಯ, ಪಾಸಿನವ ನೀನು,
ನನಗೇನು ನಷ್ಟ?
ಸರಸು ಬಾಯಿಯ ಬುಟ್ಟಿಯ ಐಸು ಕರಗಿ
ಮೆಟ್ಟಿಲಿಂದ ತೊಟ್ಟಿಕ್ಕುತ್ತಿದೆ,
ಇಡೀ ರಸ್ತೆಯಲ್ಲಿ
ಮುಂದಕ್ಕೆ ಹೋಗುತ್ತಿರುವುದು ಅದೊಂದೇ.

ಇಳಿದೆ. ಅವನೂ ಇಳಿದಿದ್ದ.
ಬಾಯಲ್ಲಿ ವಿಸಿಲು, ಊದುವುದು ಯಾರಿಗೆ?
“ಚಿಲ್ಲರೆ ಉಂಟಾ?” ಅಂದ.
ಬೈಗುಳವಲ್ಲದ ಮೊದಲ ಮಾತು.
ಐನೂರಕ್ಕೆ ಕೊಟ್ಟೆ, ಹತ್ತರ ನೋಟು, ಮೀನು ವಾಸನೆಯವು.
ಒಂದೊಂದನ್ನೂ ಮೂಗಿಗೆ ತಾಗುವಷ್ಟು
ಹತ್ತಿರ ತಂದು ಎಣಿಸಿದ.
ವಾಸನೆಗಲ್ಲ.
ಎಷ್ಟು ದಿನದಿಂದ, ನಾನು ಕೇಳಲಿಲ್ಲ.
“ಧಣಿಗಳಿಗೆ ಹೇಳಬೇಡ” ಅಂದ.

ಅಷ್ಟರಲ್ಲಿ ಮುಂದೆಲ್ಲೋ ಒಂದು ಲಾರಿ ಜರುಗಿತು.
ಹಾರನ್ನುಗಳೆಲ್ಲ ಒಟ್ಟಿಗೆ ಎದ್ದವು.
ರೈಟ್, ರೈಟ್, ಪೋಯಿ!
ಕಂಬಿ ಹುಡುಕುವ ಅವನ ಕೈ
ಒಂದು ಸಲ ಗಾಳಿ ಹಿಡಿಯಿತು,
ಆಮೇಲೆ ಕಂಬಿ.

ಟೈಗರ್ ಸರ್ಕಲ್ಲಿನಲ್ಲಿ ಫೆಲಿಕ್ಸರು
“ಹನ್ನೊಂದು ನಿಮಿಷ ಲೇಟು. ಯಾರದ್ದು ತಪ್ಪು?”
ಎಂದಿನಂತೆ ಇಬ್ಬರೂ ಕೂಗಾಡಿದೆವು.
ಸಹಿಯ ಹೊತ್ತಿಗೆ
ಪೆನ್ನಿನ ಮುಚ್ಚಳ ತೆಗೆದು
ಅವನ ಗೆರೆಯ ಪಕ್ಕ ಇಟ್ಟೆ,
ಕೆಂಪು ಮುಚ್ಚಳ,
ಮರೆತು ಇಟ್ಟ ಹಾಗೆ.