ತೋಟದ ರೈಟರು ಬರೆದದ್ದು

ಪಾಲಿಬೆಟ್ಟದ ಪೆಂಡಲ್ ದೊರೆಯ ತೋಟದಲ್ಲಿ
ನನ್ನ ಕೆಲಸ ಲೆಕ್ಕ. ಎಷ್ಟು ಬುಷೆಲ್ ಹಣ್ಣು, ಎಷ್ಟು ಆಳು,
ಯಾರಿಗೆ ಎಷ್ಟು ಮುಂಗಡ.
ಅದಕ್ಕೇ ನನ್ನನ್ನು ರೈಟರು ಅನ್ನುತ್ತಿದ್ದರು.
ಬೇರೇನಾದರೂ ಬರೆದೇನೆಂದು ಆಗ ಯಾರಿಗೂ ಗೊತ್ತಿರಲಿಲ್ಲ,
ನನಗೂ.

ಪುಷ್ಯದ ಚಳಿಯಲ್ಲಿ ದೊರೆ
ಪಲ್ಪರ್ ತೊಟ್ಟಿಯಲ್ಲಿ ಬೋರಲಾಗಿ ಸಿಕ್ಕಿದರು.
ದೊರೆಸಾನಿ ಕರಿಬಟ್ಟೆ ಉಟ್ಟರು, ಕನ್ನಡಿಗಳಿಗೂ ಉಡಿಸಿದರು.
ಊಟಿಯಿಂದ ಒಬ್ಬಾಕೆಯನ್ನು ಕರೆಸಿದರು:
ಎತ್ತಿನ ಗಾಡಿಯಲ್ಲಿ ಎರಡು ಪೆಟ್ಟಿಗೆ, ಒಂದು ಗಿಳಿಪಂಜರ,
ಒಳಗೆ ಗಿಳಿ ಇಲ್ಲ.
ಸತ್ತವರು ಆಕೆಯೊಂದಿಗೆ ಮಾತಾಡುತ್ತಾರಂತೆ.
ಮಾತಲ್ಲ, ಕುಟ್ಟುತ್ತಾರಂತೆ.

ಕಾಫಿ ಹೂವಾದ ಮೂರನೆಯ ರಾತ್ರಿ.
ಬಂಗಲೆಯ ಒಳಗೂ ತಲೆ ಸುತ್ತುವಷ್ಟು ಪರಿಮಳ.
ಬೀಟೆಮರದ ದುಂಡು ಮೇಜು, ಆರು ಜನ,
ಕಿರುಬೆರಳಿಗೆ ಕಿರುಬೆರಳು ತಾಗಿಸಿ.
ನನ್ನದು ಮೂಲೆಯ ಸ್ಟೂಲು.
ಒಂದು ಏಟಿಗೆ ಎ, ಎರಡಕ್ಕೆ ಬಿ,
ಎಣಿಸಿ ಅಕ್ಷರ ಮಾಡಬೇಕು.
ಪ್ರೇತಕ್ಕೂ ಒಬ್ಬ ರೈಟರು ಬೇಕಲ್ಲ!

ಜಗಲಿಯಲ್ಲಿ ಕಾವಲಿನ ಮಾಚಯ್ಯ ಎಲೆಯಡಿಕೆ ಜಗಿಯುತ್ತಿದ್ದ.
ಸಂಜೆಯೇ ನನಗೆ ಹೇಳಿದ್ದ:
"ನಮ್ಮ ಕಾರಣ ವರ್ಷಕ್ಕೊಮ್ಮೆ ಬರ್ತಾನೆ, ತೆರೆ ಕಟ್ಟಿದವನ ಮೈಮೇಲೆ.
ಕೋಳಿ ತಿಂತಾನೆ, ಸಾರಾಯಿ ಕುಡೀತಾನೆ,
ಗದ್ದೆ ಬದು ಒತ್ತಿದವನನ್ನ ಹೆಸರು ಹಿಡಿದು ಬಯ್ದು ಹೋಗ್ತಾನೆ.
ಹಸಿದ ಜೀವಕ್ಕೆ ಒಂದು ತುತ್ತೂ ಇಡದೆ
ಎ ಬಿ ಸಿ ಒಪ್ಪಿಸು ಅನ್ನೋದು ಯಾವ ಮರ್ಯಾದೆ ರೈಟ್ರೇ?"

ದೀಪ ಆರಿಸಿದರು.

"ನಿಮ್ಮನ್ನು ತಳ್ಳಿದವರು ಯಾರು, ಹೆನ್ರಿ?"
ಮೇಜು ಕುಟ್ಟಿತು.
ಹದಿಮೂರು.
ಒಂದು.
ಮೂರು.
ಎಂಟು.
ಕತ್ತಲಲ್ಲಿ ಬರೆಯುತ್ತಿದ್ದ ನನ್ನ ಪೆನ್ಸಿಲ್ಲಿನ ಮೊನೆ ಮುರಿಯಿತು.
ಮಾಚ.
ಹೊರಗೆ ಅವನು ಉಗುಳಿದ ಸದ್ದು ಕೇಳಿಸಿತು.

ಆದರೆ ಹದಿನೆಂಟು ವರ್ಷ ದೊರೆಯ ಕೈಬರಹ ಓದಿದವನು ನಾನು.
ಆ ಹೆಸರಿನ ನಡುವೆ ಅವರು ಯಾವಾಗಲೂ ಒಂದು ಟಿ ಹಾಕುತ್ತಿದ್ದರು.
ಟಿ ಇಲ್ಲದೆ ಬರೆಯುವುದು ಒಂದೇ ಕಡೆ,
ನನ್ನ ಸಂಬಳದ ಪುಸ್ತಕದಲ್ಲಿ.
ಸತ್ತ ಮೇಲೆ ಕಾಗುಣಿತ ತಿದ್ದಿಕೊಳ್ಳುತ್ತಾರೆಯೇ?
ಆ ಪುಸ್ತಕ ಎರಡು ದಿನ ಸಣ್ಣ ದೊರೆಯ ಕೋಣೆಯಲ್ಲಿತ್ತು.

ನಾನು ಬೆಂಕಿಕಡ್ಡಿ ಗೀರಿದೆ.
ಆರು ಮುಖ. ಐದು ಮೇಜನ್ನು ನೋಡುತ್ತಿದ್ದವು.
ಒಂದು, ನನ್ನನ್ನು.

ಆಮೇಲೆ ಏನೂ ಆಗಲಿಲ್ಲ.
ವಿರಾಜಪೇಟೆಯ ಡಾಕ್ಟರು "ಕಾಲು ಜಾರಿ" ಎಂದು ಬರೆದುಕೊಟ್ಟರು,
ಸಣ್ಣ ದೊರೆ ಸಿಲೋನಿನ ಹಡಗು ಹತ್ತಿದರು,
ಮಾಚಯ್ಯನಿಗೆ ಸಂಬಳದಲ್ಲಿ ಎಂಟಾಣೆ ಹೆಚ್ಚಿತು. ಏಕೆಂದು ಯಾರೂ ಕೇಳಲಿಲ್ಲ.

ಈಗ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ
ಒಬ್ಬ ಪತ್ತೇದಾರನನ್ನು ಬೆಳೆಸುತ್ತಿದ್ದೇನೆ.
ಅವನಿಗೆ ಭೂತಪ್ರೇತಗಳಲ್ಲಿ ನಂಬಿಕೆಯಿಲ್ಲ.
ಚುಟ್ಟದ ಬೂದಿ, ಬೂಟಿನ ಮಣ್ಣು, ಅಳಿಸಿದ ಅಂಕೆ
ಇಷ್ಟನ್ನೇ ಹಿಡಿದು ಹೆಣದ ಬಾಯಿ ಬಿಡಿಸುತ್ತಾನೆ.
ಕೊನೆಯ ಅಧ್ಯಾಯದಲ್ಲಿ ಎಲ್ಲರನ್ನೂ
ಅದೇ ದುಂಡು ಮೇಜಿನ ಸುತ್ತ ಕೂರಿಸುತ್ತಾನೆ.
ಊಟಿಯಾಕೆಯಿಂದ ಕದ್ದ ವಿದ್ಯೆ, ಒಪ್ಪುತ್ತೇನೆ.
ದೀಪ ಮಾತ್ರ ಆರಿಸುವುದಿಲ್ಲ.

ಇದೊಂದನ್ನು ಅವನ ಕಥೆಯಲ್ಲಿ ಬರೆದಿಲ್ಲ:
ದೊರೆಸಾನಿ ಮಡಿಕೇರಿಗೆ ಹೋಗಿದ್ದ ರಾತ್ರಿ
ನಾನೊಬ್ಬನೇ ಆ ಮೇಜಿನ ಮೇಲೆ ಕೈಯಿಟ್ಟು ಕೂತೆ.
ಪೂವಕ್ಕಾ ಎಂದೆ.
ಕರೆದು ಕರೆದು ಬೆಳಗಾಯಿತು. ಒಂದು ಸದ್ದಿಲ್ಲ.
ಎದ್ದು ಬರುವಾಗ ನೆನಪಾಯಿತು,
ಅವಳಿಗೆ ಅಕ್ಷರ ಬರುತ್ತಿರಲಿಲ್ಲ.
ಎಷ್ಟು ಸಲ ಕುಟ್ಟಬೇಕೆಂದು ಅವಳಿಗೆ ಹೇಗೆ ಗೊತ್ತಾಗಬೇಕು?

ಮಾಚಯ್ಯನ ಮಾತಿನಂತೆ ಮರುದಿನ
ಹಿತ್ತಿಲ ಬಾಗಿಲಲ್ಲಿ ಎಲೆ ಹಾಕಿ
ನಾಲ್ಕು ಕಡಂಬುಟ್ಟು, ಒಂದಿಷ್ಟು ಕೋಳಿಸಾರು ಇಟ್ಟೆ.
ಬೆಳಿಗ್ಗೆ ಎಲೆ ಬರಿದಾಗಿತ್ತು.
ಒಲೆಬೂದಿ ಚೆಲ್ಲಿದ ನೆಲದಲ್ಲಿ ಗುರುತುಗಳಿದ್ದವು.
ನನ್ನ ಕಥೆಯವನಾಗಿದ್ದರೆ ಮಂಡಿಯೂರಿ ನೋಡುತ್ತಿದ್ದ.

ನಾನು ಪೊರಕೆ ತಂದು ಗುಡಿಸಿಬಿಟ್ಟೆ.