ಬಾಲವೋ ಬುಟ್ಟಿಯೋ

ಮಲ್ಪೆಯ ಐಸ್ ಪ್ಲಾಂಟಿನ ಮಾಳಿಗೆಯಲ್ಲಿ
ಬುಧವಾರ ಸಂಜೆ ಆರಕ್ಕೆ ನನ್ನ ಇಂಗ್ಲಿಷ್ ಕ್ಲಾಸು.
ಕೆಳಗೆ ಯಂತ್ರ ಮಂಜುಗಡ್ಡೆ ಅರೆಯುತ್ತದೆ,
ಮೇಲೆ ಬೋರ್ಡು ನಡುಗುತ್ತದೆ.

ಹನ್ನೊಂದು ಹೆಂಗಸರು. ಬೆಳಗ್ಗಿನಿಂದ ಧಕ್ಕೆಯಲ್ಲಿ
ಬಂಗುಡೆಯ ಗಾತ್ರ ನೋಡಿ ನೋಡಿ ಬೇರೆ ಮಾಡಿ ಬಂದವರು.
ಇವರಿಗೆ ಹೋಲಿಕೆ ಕಲಿಸಲು ನಾನು ಯಾರು?
ಆದರೂ ಚಾಕ್‌ಪೀಸು ಹಿಡಿದೆ.

ಗಿಡ್ಡ ಪದಕ್ಕೆ ಬಾಲ: ಬಿಗ್, ಬಿಗ್ಗರ್.
ಉದ್ದ ಪದಕ್ಕೆ ಬಾಲ ಎಳೆಯಲಾಗದು,
ಅದಕ್ಕೆ ತಲೆಯ ಮೇಲೆ ಬುಟ್ಟಿ: ಮೋರ್ ಬ್ಯೂಟಿಫುಲ್.
ಗುಡ್ ಮಾತ್ರ ಹೇಳದೆ ಕೇಳದೆ ಬೆಟರ್.
"ಮದುವೆಯಾಗಿ ಹೆಸರೇ ಬದಲಿಸಿದ ಹಾಗೆ" ಅಂದಳು ಕಲ್ಯಾಣಿ.

ವಾರಿಜ ಕುಂದರ್ ಬರೆದಳು:
ಟುಡೇ ಫಿಶ್ ಈಸ್ ಮೋರ್ ಬೆಟರ್.
ಮೋರ್ ಮೇಲೆ ಕೆಂಪು ಗೆರೆ ಎಳೆದೆ.
"ಒಂದೇ ಬುಟ್ಟಿಯನ್ನು ಎರಡು ಸಲ ತೂಗ್ತೀರಾ ವಾರಿಜಕ್ಕ?"
"ಗಿರಾಕಿ ನೋಡದಿದ್ದರೆ ತೂಗುವುದೇ!"

ನಗು ಇಳಿದ ಮೇಲೆ ಅವಳೇ ಹೇಳಿದಳು:
"ಟೀಚರೇ, ನಮ್ಮಲ್ಲಿ ಚೆಂದ ಎಷ್ಟು ಹೆಚ್ಚಿದರೂ ಚೆಂದವೇ.
ಬಾಲ ಅಂಟುವುದು ಸೋತವಳ ಹೆಸರಿಗೆ.
ನನ್ನನ್ನು ನೋಡಲು ಬಂದವರು ಪಡುಕೆರೆ ಮನೆಯಲ್ಲಿ
ಚಹಾ ಕುಡಿದು, ಲೋಟ ಕೆಳಗಿಟ್ಟು ಹೇಳಿದ್ದು:
ವಾರಿಜಳಿಗಿಂತ ತಂಗಿ ಚೆಂದ.
ಆಮೇಲೆ ಕೇರಿಯಲ್ಲಿ ನಾನು ವಾರಿಜ ಅಲ್ಲ,
ವಾರಿಜಳಿಗಿಂತ."

ನಾನು ಚಾಕ್‌ಪೀಸು ಉರುಟಿಸುತ್ತಾ ನಿಂತೆ.
ನಮ್ಮ ಮನೆಯಲ್ಲೂ ಒಬ್ಬ ಅಣ್ಣನಿದ್ದ,
ಪ್ರತಿ ಪರೀಕ್ಷೆ ಮುಗಿದಾಗ
ನನ್ನ ಹೆಸರಿಗೆ ಆ ಎರಡಕ್ಷರ ಕಟ್ಟಿಸುತ್ತಿದ್ದ.

ಅವಳು ನಿಧಾನವಾಗಿ ಬರೆದಳು. ವೈ ತೆಗೆದು ಐ ಇಡಲು ಮರೆಯಲಿಲ್ಲ:
ಸುಮಿತ್ರ ಈಸ್ ಪ್ರಿಟಿಯರ್ ದ್ಯಾನ್ ವಾರಿಜ
ಕೊನೆಯ ಪದದ ಮೇಲೆ ಬೆರಳಿಟ್ಟಳು,
ಉಗುರಿನ ಸಂದಿಯಲ್ಲಿ ಇನ್ನೂ ಒಂದು ಹುರುಪೆ.
"ನೋಡಿ, ಇಲ್ಲಿ ನನ್ನನ್ನು ಯಾರೂ ಮುಟ್ಟಿಲ್ಲ.
ಬದಲಾದದ್ದು ಚೆಂದ. ನಾನು ಇಡೀ ಇದ್ದೇನೆ."

ಸರಿ ಗುರುತು ಹಾಕಿದೆ.
ಪೂರ್ಣವಿರಾಮ ಎಲ್ಲಿ ಎಂದು ಕೇಳಿದರೆ
"ನಿಲ್ಲಿ ಮಾರಾಯ್ತಿ, ಇನ್ನೊಂದು ವಾಕ್ಯ ಉಂಟು" ಅಂದಳು.
ವಾರಿಜ ಈಸ್ ಎಂದು ಬರೆದು ಪೆನ್ನು ಎತ್ತಿ,
"ಲೆಕ್ಕದಲ್ಲಿ ಜೋರು ಅನ್ನುವುದಕ್ಕೆ
ಬಾಲವೋ, ಬುಟ್ಟಿಯೋ?"