ಎಡಗಾಲಿಗೆ ಅರ್ಧ ಇಂಚು

ಜೂನ್ ಹತ್ತು. ಮಲ್ಪೆ ದಕ್ಕೆಯಲ್ಲಿ ಬೋಟುಗಳೆಲ್ಲ
ಒಂದರ ಭುಜಕ್ಕೊಂದು ತಾಗಿ ನಿಂತಿವೆ.
ಇನ್ನು ಐವತ್ತು ಚಿಲ್ಲರೆ ದಿನ
ನನಗೆ ಮನೆಯೇ ಇಂಜಿನ್ ರೂಮು.

ನಿಮ್ಮ ಮಿಷನ್ ಪುನಃ ಅಳ್ತಾ ಉಂಟು, ಅನ್ನುತ್ತಾಳೆ ವಾರಿಜ.
ಸೋರಿದಾಗ ಅದು ನನ್ನದು,
ಪಾತ್ರೆ ಹೊಳೆದ ದಿನ ಅವಳದು.

ಮಣಿಪಾಲದಿಂದ ವರ್ಗವಾಗಿ ಹೋದ ಮೇಡಂ ಒಬ್ಬರು
ಏಳು ಸಾವಿರಕ್ಕೆ ಕೊಟ್ಟದ್ದು.
ಮಲಗಿಸಿ ಒಯ್ಯಬಾರದು ಅಂದಿದ್ದರು;
ಕಲ್ಮಾಡಿ ಸೇತುವೆ ದಾಟುವವರೆಗೂ ಟೆಂಪೋದಲ್ಲಿ
ಅದನ್ನು ಅಪ್ಪಿಕೊಂಡೇ ನಿಂತಿದ್ದೆ.

ಹನ್ನೊಂದು ವರ್ಷ ಸಿಗಡಿ ಸುಲಿದ ಕೈ ಅವಳದು.
ಮಂಜುಗಡ್ಡೆ ಬೆರಳ ಸಂದಿಯಲ್ಲಿ ಮನೆ ಮಾಡಿದೆ,
ಸೋಪು ತಾಗಿದರೆ ಚರ್ಮ ಬಿರಿಯುತ್ತದೆ.
ಇನ್ನು ನೀರು ಮುಟ್ಟಬೇಡಿ ಎಂದ ಡಾಕ್ಟರ ಎದುರು
ಬಾಯಿಗೆ ಸೆರಗು ಒತ್ತಿ ನಕ್ಕಿದ್ದಳು.
ಮನೆಯಿಂದ ಇನ್ನೂರು ಮಾರಿಗೆ ಸಮುದ್ರ.

ನೀರು ಒಳಗೆ ಬಾರದಂತೆ ನೋಡುವುದು ನನ್ನ ಕಸುಬು.
ಇದು ಉಲ್ಟಾ ಬೋಟು:
ಸಮುದ್ರ ಒಳಗೆ, ಹೊರಗೆ ಅಡುಗೆಮನೆ.

ಬಾಗಿಲ ರಬ್ಬರು ಬಿಡಿಸಿದೆ.
ಒಂದು ಬಂಗುಡೆ ಮುಳ್ಳು, ಎರಡು ಕುಚ್ಚಲಕ್ಕಿ ಅಗುಳು,
ಮೇಡಮ್ಮನ ಕಾಲದ ಒಂದು ಪಾಸ್ತಾ ಚೂರು.
ಒರಸಿದೆ. ಸೋರಿತು.
ಪೈಪಿನ ಕ್ಲಿಪ್ಪು ಬಿಗಿದೆ. ಸೋರಿತು.
ತಳ ಕಳಚಿ, ಟಾರ್ಚು ಹಲ್ಲಿನಲ್ಲಿ ಕಚ್ಚಿ, ನೆಲಕ್ಕೆ ಕೆನ್ನೆ ಇಟ್ಟೆ.
ಪಂಪಿನ ಸುತ್ತ ಒಣ ಧೂಳು, ಒಂದು ಸತ್ತ ಜಿರಳೆ.
ಕಂಪೆನಿಯ ಹುಡುಗ ಫೋನಿನಲ್ಲಿ ಹೇಳಿದ,
ಮಾಡೆಲ್ ಹಳತು ಸರ್, ಪಾರ್ಟು ಸಿಗುವುದು ಡೌಟು.

ಅರಸಿನ ಹಾಕಿ.
ಒಣಮೀನಿನ ಚಟ್ನಿಗೆ ಮಿಕ್ಸಿ ಒತ್ತಿ ಹಿಡಿದವಳು
ತಿರುಗಿ ನೋಡದೆಯೇ ಅಂದಳು.
ಎಂತಕ್ಕೆ?
ಮಿಷನಿನ ನೀರಿಗೆ. ಎಲ್ಲಿಂದ ಬರ್ತದೆ ಅಂತ ಅದೇ ಹೇಳ್ಲಿ.

ಒಂದು ಚಮಚ. ಪೇಪರು ಹಾಸಿ ಇಬ್ಬರೂ ಕುಕ್ಕರುಗಾಲಲ್ಲಿ ಕೂತೆವು.
ಇಪ್ಪತ್ತನೇ ನಿಮಿಷಕ್ಕೆ
ಬಾಗಿಲ ಎಡಮೂಲೆಯಿಂದ ಹಳದಿ ನೂಲೊಂದು ಇಳಿಯಿತು.
ನೆಲದಲ್ಲಿ ಒಂದು ಕ್ಷಣ ಯೋಚಿಸಿ
ಎಡಗೋಡೆಯ ಬುಡಕ್ಕೆ ಹೊರಟಿತು,
ದಾರಿ ಗೊತ್ತಿದ್ದವರ ಹಾಗೆ.

ಅಲ್ಲಿ ತೂತು ಇತ್ತಲ್ಲ, ಅಂದಳು,
ಅತ್ತೆ ಕೂತು ತಿಕ್ಕುತ್ತಿದ್ದ ಜಾಗ.

ಹೌದು. ನಾನೇ ಟೈಲ್ಸ್ ಹಾಕಿಸಿ ಮುಚ್ಚಿದ್ದು.
ತೂತು ಹೋಯಿತು, ಇಳಿಜಾರು ಹೋಗಿರಲಿಲ್ಲ.
ಬಂದ ದಿನದಿಂದಲೂ ಮಿಷನ್
ಅಮ್ಮನಂತೆ ಸ್ವಲ್ಪ ಮುಂದೆ ಬಾಗಿಯೇ
ಪಾತ್ರೆ ತೊಳೆಯುತ್ತಿತ್ತು.

ಎಡಗಾಲಿನ ಸ್ಕ್ರೂ ತುಕ್ಕು ಹಿಡಿದು ತಿರುಗಲಿಲ್ಲ.
ಮಳೆಯಲ್ಲೇ ದಕ್ಕೆಗೆ ಹೋಗಿ
ಒಡೆಯಲು ಹಾಕಿದ ಮತ್ಸ್ಯಜ್ಯೋತಿಯ
ಹಲಗೆಯಿಂದ ಒಂದು ಚೂರು ತಂದೆ,
ಅರ್ಧ ಇಂಚು ಕೆತ್ತಿ ಕಾಲಡಿಗೆ ತೂರಿದೆ.
ಮೇಲೆ ಬಟ್ಟಲು ನೀರು ಇಟ್ಟು ನೋಡಿದೆ: ನಾಲ್ಕೂ ಕಡೆ ಸಮ.
ಮೂವತ್ತು ವರ್ಷ ಉಪ್ಪು ಕುಡಿದ ಮರ,
ಇನ್ನು ಸಾರಿನ ವಾಸನೆಗೆ ಒಗ್ಗಬೇಕು.

ಒಂದೂಮುಕ್ಕಾಲು ಗಂಟೆ. ಪೇಪರು ಗರಿಗರಿ ಹಾಗೇ ಇತ್ತು.
ಟೈಲ್ಸಿನ ಸಂದಿಯಲ್ಲಿ ಹಳದಿ ಗೆರೆ ಉಳಿದಿದೆ,
ಇರಲಿ ಬಿಡಿ, ಅಂದಿದ್ದಾಳೆ.

ಚಾ ಆಯಿತು. ಎರಡು ಗ್ಲಾಸಿಗೆ ಎಂತ ಕರೆಂಟು ಅಂತ
ಅವಳು ನಲ್ಲಿಯ ಕಡೆ ಎದ್ದಳು.
ಕಸಿದುಕೊಂಡೆ.
ನನಗೆ ತೊಳೆಯಲು ಬರುವುದಿಲ್ಲವಂತೆ.
ಪಕ್ಕದಲ್ಲೇ ನಿಂತು, ಕೈ ಹಿಂದೆ ಕಟ್ಟಿ,
ಗದ್ದದಲ್ಲಿ ತೋರಿಸುತ್ತಾಳೆ:
ಇಲ್ಲಿ ಉಂಟು ನೋಡಿ. ಅಡಿಯಲ್ಲಿ. ಇನ್ನೂ.